ಹಿಂದಿನ ಸೀಟಿನ ಭಾರ

ಅಕ್ಟೋಬರ್ 25, 1998, ಭಾನುವಾರ

ಗೊಬ್ಬರದ ಕಂಪನಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿ ಇಷ್ಟು ದಿನ ಮೇಜಿನ ಕುಂಟು ಕಾಲಿನಡಿ ಸೇವೆ ಸಲ್ಲಿಸುತ್ತಿತ್ತು. ಇಂದು ಅದಕ್ಕೆ ಬಡ್ತಿ ಕೊಟ್ಟು ಮೇಜಿನ ಮೇಲಕ್ಕೆ ತಂದಿದ್ದೇನೆ. ಕಾರಣ, ನನಗೆ ಆಘಾತವಾಗಿದೆ. ಐವತ್ತೊಂದು ವರ್ಷದ ಮನುಷ್ಯ ತನ್ನ ಆಘಾತವನ್ನು ಎಲ್ಲಾದರೂ ಇಳಿಸಲೇಬೇಕು.

ನಮ್ಮ ಕಾಫಿ ಬೆಳೆಗಾರರ ಕ್ಲಬ್ಬಿನ ನೋಟೀಸು ಬಂದಿದೆ. ಜನವರಿ ಮೂವತ್ತೊಂದಕ್ಕೆ ‘ಮನೆಗಾಡಿ ಓಟ’. ನಲವತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ. ಎರಡೆರಡು ಗಾಡಿ ಪಕ್ಕಪಕ್ಕ ನಿಂತು, ನಿಂತಲ್ಲಿಂದ ಹೊರಟು, ಕಾಲು ಮೈಲಿ ನೇರ ಓಡಬೇಕು. ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಬರುವಂತಿಲ್ಲ, ರಸ್ತೆಯಲ್ಲಿ ಓಡಿಸಿಕೊಂಡೇ ಬರಬೇಕು. ಸೀಟು ಕೀಳುವಂತಿಲ್ಲ. ಹಿಂದಿನ ಸೀಟಿನಲ್ಲಿ ಮನೆಯ ಒಬ್ಬ ಸದಸ್ಯರು ಕೂತಿರಲೇಬೇಕು. ಕಳೆದ ವರ್ಷ ಒಬ್ಬ ಮಹನೀಯರು ಸ್ಟಿಯರಿಂಗ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮನೆಯಲ್ಲಿಟ್ಟು ಬಂದು ಕಪ್ ಗೆದ್ದದ್ದರ ಫಲ ಇದು.

ನಮ್ಮ ಶೆಡ್ಡಿನಲ್ಲಿ ಅಪ್ಪನ ಐವತ್ತೇಳರ ಪ್ಲಿಮತ್ ಇದೆ. ಅಪ್ಪ ಜೂನಿನಲ್ಲಿ ಹೋದರು. ಅದನ್ನು ಈ ಡೈರಿಯಲ್ಲಿ ಬರೆದಿಲ್ಲ. ಬರೆಯುವಂಥ ವಿಷಯವೂ ಅಲ್ಲ. ಆಘಾತದ ವಿಷಯಕ್ಕೆ ಬರೋಣ. ನನ್ನ ಎದುರು ಜೋಡಿಯಾಗಿ ಹೆಸರು ಕೊಟ್ಟಿರುವವರು ನನ್ನ ಹೆಂಡತಿ ರುದ್ರಾಣಿಯ ಖಾಸಾ ಅಣ್ಣ ಗಂಗಾಧರಪ್ಪ, ಅವರ ಐವತ್ತಾರರ ಷೆವರ್ಲೆ ಸಮೇತ! ಹೆಣ್ಣು ಕೊಟ್ಟ ಮನೆಯವರು ಹೀಗೆ ಮಾಡಬಹುದೇ?

ತಕ್ಷಣ ಯುದ್ಧತಂತ್ರ ರಚಿಸಿದೆ. ಓಟಕ್ಕೆ ಗಾಡಿ ಹಗುರವಿರಬೇಕು. ಸೀಟು ಕೀಳುವಂತಿಲ್ಲವಾದರೆ ಸದಸ್ಯರನ್ನಾದರೂ ಹಗುರ ಆರಿಸಬಹುದಲ್ಲ? ರುದ್ರಾಣಿ ಅರವತ್ತೆಂಟು ಕೆಜಿ (ಈ ಅಂಕಿಯನ್ನು ನಾನು ಬರೆದಿಲ್ಲ). ಅಮ್ಮ ಮೂವತ್ತಾರು. ಅಪ್ಪ ಹೋದಾಗಿನಿಂದ ಅಮ್ಮ ಕೋಣೆ ಬಿಟ್ಟು ಹೊರಬಂದಿಲ್ಲ, ಮಾತಿಲ್ಲ, ದಿನಕ್ಕೆ ಎರಡು ಚಮಚ ಗಂಜಿ. ಹೋದ ವಾರ ಮನೆಗೆ ಬಂದ ಡಾಕ್ಟರು ಹೇಳಿ ಹೋಗಿದ್ದಾರೆ: “ವಾರಕ್ಕೊಂದ್ಸಲ ನಿಮ್ಮ ಕಾಫಿ ತಕ್ಕಡಿಯಲ್ಲೇ ತೂಗಿ. ಜನವರಿ ಇಪ್ಪತ್ತಕ್ಕೆ ಕರ್ಕೊಂಡು ಬನ್ನಿ. ಅಷ್ಟರಲ್ಲಿ ನಲವತ್ತೆರಡು ಮುಟ್ಟದಿದ್ರೆ ಮಂಗಳೂರಿನ ಆಸ್ಪತ್ರೆಗೆ ಸೇರಿಸಿ ಮೂಗಲ್ಲಿ ನಳಿಗೆ ಹಾಕಿಸ್ಬೇಕಾಗುತ್ತೆ. ಎಪ್ಪತ್ತಾರು ವರ್ಷ. ಹೋದ್ಮೇಲೆ ವಾಪಸ್ ಬರ್ತಾರೆ ಅಂತ ನಾನು ಹೇಳಲ್ಲ.”

ಅಂದರೆ ಮೂವತ್ತಾರು ಕೆಜಿಯ, ಸದ್ದು ಮಾಡದ, ಅಲುಗದ ಸದಸ್ಯೆ ಮನೆಯಲ್ಲೇ ಇದ್ದಾಳೆ. ಈ ಸಂಶೋಧನೆಯನ್ನು ರುದ್ರಾಣಿಗೆ ತಿಳಿಸಿದೆ.

“ಏನ್ರೀ, ಹೋಗಕ್ಕೆ ಕೂತವ್ರನ್ನ ರೇಸಿಗೆ ಕೂರಿಸ್ತೀರಾ? ಮನುಷ್ಯರಾ ನೀವು?” ಎಂದಳು. ಆಮೇಲೆ ಅಮ್ಮ ಬಿಟ್ಟಿದ್ದ ಗಂಜಿಯ ಬಟ್ಟಲನ್ನು ಎತ್ತಿಕೊಂಡು, “ಕೇಳಿ ನೋಡಿ. ಆಗಲ್ಲ ಅಂತ ಬೈಯಕ್ಕಾದ್ರೂ ಬಾಯಿ ಬಿಡ್ಲಿ,” ಎಂದಳು.

ನವೆಂಬರ್ 3, ಮಂಗಳವಾರ

ಪ್ಲಿಮತ್ತನ್ನು ಮೂಡಿಗೆರೆಗೆ ಒಯ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಕೆಂಚಯ್ಯನ ಕುಲುಮೆ. ತಾಲ್ಲೂಕಿನ ಸಮಸ್ತ ಜೀಪುಗಳ ಹಿಂಭಾಗ ಈತನ ಕೈಯಲ್ಲಿದೆ. ಗಾಡಿಯ ಅಡಿ ನುಸುಳಿ, ಹೊರಬಂದು, ಟವೆಲಿನಿಂದ ಮುಖ ಒರೆಸಿಕೊಂಡು, ಸಾವಿನ ಸುದ್ದಿ ಹೇಳುವವನ ಹಾಗೆ ನಿಂತ.

“ಪ್ಲೇಟು ಕಟ್ಟಾಗಿದೆ ಸಾವ್ಕಾರ್ರೆ.”

ಪ್ಲೇಟು ಎಂದರೆ ಹಿಂದಿನ ಆಕ್ಸಲಿನ ಮೇಲೆ, ಚಕ್ರಕ್ಕೊಂದು ಕಟ್ಟಿನಂತೆ, ಒಂದರಡಿ ಒಂದು ಪೇರಿಸಿರುವ ಉಕ್ಕಿನ ಪಟ್ಟಿಗಳು. ಒಂದೊಂದು ಕಟ್ಟಿನಲ್ಲಿ ಐದು. ನಲವತ್ತು ವರ್ಷ ಕಿತ್ತಳೆ ಬುಟ್ಟಿಗಳನ್ನೂ ಮದುವೆ ದಿಬ್ಬಣಗಳನ್ನೂ ಹೊತ್ತು ಅವುಗಳ ಕಮಾನು ಇಳಿದು, ಗಾಡಿ ಸದಾ ಹಿಂದಕ್ಕೆ ಕುಕ್ಕರಗಾಲಿನಲ್ಲಿ ಕೂತಂತಿದೆ. ಅದು ಸಾಲದೆಂಬಂತೆ, ಜೋರಾಗಿ ಕಾಲೊತ್ತಿದರೆ ಆಕ್ಸಲ್ಲು ಮೈ ತಿರುಚಿಕೊಂಡು ಗಾಡಿ ಮುಂದೆ ಹೋಗುವ ಬದಲು ನಿಂತಲ್ಲೇ ಕುಪ್ಪಳಿಸುತ್ತದೆ.

“ನೋಡಿ, ಪ್ಲೇಟು ಮೆತ್ತಗಿದ್ರೆ ಕೂತವ್ರಿಗೆ ಸುಖ, ಗಾಡಿ ಕುಣಿಯುತ್ತೆ. ಗಟ್ಟಿ ಮಾಡಿದ್ರೆ ಗಾಡಿ ಬಾಣ, ಕೂತವ್ರಿಗೆ ಸೊಂಟ ಇರಲ್ಲ. ಯಾವ್ದು ಬೇಕು?”

“ಎರಡೂ ಬೇಕು. ಮನೆಯವ್ರೂ ಕೂರ್ಬೇಕು, ಓಟಾನೂ ಗೆಲ್ಬೇಕು.”

“ಹಂಗಾದ್ರೆ ಎರಡು ಗಾಡಿ ತಗಳ್ಳಿ,” ಎಂದ. ಆದರೂ ಕೆಂಚಯ್ಯನ ವೈದ್ಯದಲ್ಲಿ ಸಕಲ ರೋಗಕ್ಕೂ ಒಂದೇ ಮದ್ದಿದೆ, ಪ್ಲೇಟು ಸೇರಿಸುವುದು. ಜೀಪಿನ ಮೂರು ಪ್ಲೇಟು ಸೇರಿಸಿಕೊಟ್ಟ. ಗಾಡಿಯ ಹಿಂಭಾಗ ಹೆಮ್ಮೆಯಿಂದ ಎದ್ದು ನಿಂತಿತು.

ನವೆಂಬರ್ 11, ಬುಧವಾರ

ಇಂದು ಆಘಾತಗಳ ಸಾಲು.

ಬೆಳಿಗ್ಗೆ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು, “ಅಮ್ಮ, ಗಾಡಿಯ ಪ್ಲೇಟು ನೋಡ್ಬೇಕು, ಹಿಂದೆ ಭಾರ ಬೇಕು. ಮಾತಾಡ್ಬೇಡ. ಸುಮ್ನೆ ಕೂತ್ರೆ ಸಾಕು,” ಎಂದೆ. ಗೋಡೆ ನೋಡುತ್ತಿದ್ದವಳು ಗೋಡೆಯನ್ನೇ ಇನ್ನಷ್ಟು ನೋಡಿದಳು. ಆಮೇಲೆ ಚಪ್ಪಲಿ ಹುಡುಕಿದಳು. ಇಷ್ಟು ದಿನ ‘ಊಟ ಮಾಡಮ್ಮ, ಮಾತಾಡಮ್ಮ’ ಎಂದವರಿಗೆಲ್ಲ ಬೆನ್ನು ತಿರುಗಿಸಿದವಳು, ಮಾತಾಡಬೇಡ ಎಂದವನ ಜೊತೆ ಹೊರಟಳು. ನನ್ನ ವ್ಯವಹಾರ ಚಾತುರ್ಯ ಅಂಥದ್ದು.

ಜಾವಳಿ ಕಡೆಗೆ ಎರಡು ಮೈಲಿ ಹೋದೆವು. ಮೋರಿಯ ಹತ್ತಿರ ಗಾಡಿ ದಡಕ್ಕನೆ ಹಾರಿತು. ಹಿಂದಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿಯೊಂದು ಕೇಳಿಸಿತು.

“ಜೀಪಿಂದು ಹಾಕ್ಸಿದ್ದೀಯ.”

ನಾನು ಬ್ರೇಕು ಒತ್ತಿದೆ.

“ಎಡಗಡೆದು ಕುಂಯ್ ಅಂತಿದೆ. ಗ್ರೀಸು ಕಂಡಿಲ್ಲ.”

ನೋಡಿ ನ್ಯಾಯವನ್ನು! ಐದು ತಿಂಗಳು ಬಾಯಿ ಬಿಡದವಳು ಬಾಯಿ ಬಿಟ್ಟು ಆಡಿದ ಮೊದಲ ಮಾತೇ ನನ್ನ ಪ್ಲೇಟಿನ ಮೇಲಿನ ದೂರು. ಮನೆಗೆ ಬಂದವನೇ ರುದ್ರಾಣಿಯ ಬಳಿ ಈ ಅವಮಾನವನ್ನು ತೋಡಿಕೊಂಡೆ. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

“ಅತ್ತೆ ಏನಂದ್ರು? ಇನ್ನೊಂದ್ಸಲ ಹೇಳಿ.”

ಹೇಳಿದೆ. ಮತ್ತೊಂದು ಸಲ ಹೇಳಿಸಿದಳು. ಒಟ್ಟು ಮೂರು ಸಲ. ಗಂಡನ ಅವಮಾನವನ್ನು ಇಷ್ಟು ಸಂತೋಷದಿಂದ ಕೇಳುವ ಹೆಂಗಸನ್ನು ನಾನು ಕಂಡಿಲ್ಲ. ಸಂಜೆ ಹಬ್ಬವಿಲ್ಲ ಹರಿದಿನವಿಲ್ಲ, ಕಡುಬು ಮಾಡಿದಳು. ಅಮ್ಮ ಒಂದು ತಿಂದಳು. ಹೀಗಾದರೆ ಹಗುರ ಸದಸ್ಯೆ ಉಳಿದಂತೆಯೇ.

ನವೆಂಬರ್ 29, ಭಾನುವಾರ

ಎರಡನೆಯ ಪ್ರಯೋಗ, ಯಾವುದೋ ಹಳೆ ವ್ಯಾನಿನ ಮೆತ್ತನೆಯ ಪ್ಲೇಟುಗಳು. ಅಮ್ಮನ ತೀರ್ಪು: “ಇದು ತೊಟ್ಟಿಲು. ನಿದ್ದೆ ಬರತ್ತೆ. ಓಟಕ್ಕೆ ಹೊರಟಿದ್ದೀಯೋ ಜೋಗುಳಕ್ಕೋ?”

ಕಣದಲ್ಲಿ ಆಳುಗಳು ಕೊಯ್ದು ತಂದ ಕಾಫಿ ಹಣ್ಣನ್ನು ಕೂಲಿ ಲೆಕ್ಕಕ್ಕೆ ತೂಗುವ ತಕ್ಕಡಿಯ ಮೇಲೆ ಬೆತ್ತದ ಕುರ್ಚಿ ಇಟ್ಟು ಅಮ್ಮನನ್ನು ಕೂರಿಸಿದೆವು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕೃಷ್ಣಯ್ಯ ಕನ್ನಡಕ ಏರಿಸಿ, ಕಡ್ಡಿ ಸರಿಸಿ, ಲೆಕ್ಕ ಹಾಕಿ, ಗಂಭೀರವಾಗಿ ಘೋಷಿಸಿದ: “ಮೂವತ್ತೇಳೂವರೆ.”

ಒಂದೂವರೆ ಕೆಜಿ ಜಾಸ್ತಿ! ತಿಂಗಳಿಗೆ ಇಷ್ಟಾದರೆ ಓಟದ ಹೊತ್ತಿಗೆ ಎಷ್ಟಾದೀತು? ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದೆ. ರುದ್ರಾಣಿ ಕೃಷ್ಣಯ್ಯನಿಗೆ ಎರಡೆರಡು ಲೋಟ ಕಾಫಿ ಕೊಟ್ಟಳು. ಮನೆಯಲ್ಲಿ ನನ್ನ ಕಡೆಯವರು ಯಾರೂ ಇಲ್ಲ.

ಡಿಸೆಂಬರ್ 8, ಮಂಗಳವಾರ

ನನ್ನ ಅತ್ತೆ ರುಕ್ಮಿಣಮ್ಮನವರ ಆಗಮನ. ಗಂಗಾಧರಪ್ಪನ ಷೆವರ್ಲೆಯ ಹಿಂದಿನ ಸೀಟಿಗೆ ಅವರೇ ಅಭ್ಯರ್ಥಿ. ತೂಕ ಎಪ್ಪತ್ತೆಂಟು, ದನಿ ಅದಕ್ಕೂ ಮೇಲೆ. ಅಮ್ಮನ ಮಂಚದ ಪಕ್ಕ ಕೂತು ಕೈ ಹಿಡಿದು ಹೇಳಿದರು:

“ನೀವು ಮಲ್ಕೊಂಡೇ ಇರಿ ಬೀಗಿತ್ತಿ. ಏಳ್ಬೇಡಿ. ಓಟದಲ್ಲಿ ಹೆಂಗೆ ಗೆದ್ವಿ ಅಂತ ನಾನೇ ಬಂದು ಹೇಳ್ತೀನಿ.”

ಷೆವರ್ಲೆ ಗೇಟು ದಾಟಿದ ಸದ್ದು ಕೇಳಿಸಿದ ಮೇಲೆ ಅಮ್ಮ ಒಳಗಿನಿಂದ ಕರೆದಳು.

“ರುದ್ರಾಣಿ, ನಿಮ್ಮಮ್ಮ ಎಷ್ಟು ರೊಟ್ಟಿ ತಿಂದ್ರು?”

“ಐದು ಅತ್ತೆ.”

“ಎಪ್ಪತ್ತು ದಾಟಿದ್ರೂ ಐದಾ? ನಂಗೆ ಎರಡು ಹಾಕು. ಇಲ್ಲಿಗೆ ಬೇಡ, ಅಲ್ಲಿಗೇ ಬರ್ತೀನಿ.”

ಅಡುಗೆಮನೆಗೆ ಬಂದು, ಗೋಡೆ ಹಿಡಿದುಕೊಂಡು ಕೂತು, ಒಂದೂಮುಕ್ಕಾಲು ರೊಟ್ಟಿ ತಿಂದಳು. ಗೋಡೆಗಳ ಜೊತೆಗಿನ ಅವಳ ಸಂಬಂಧ ಈಗ ಹಿಡಿದುಕೊಳ್ಳುವುದಕ್ಕೆ ಮಾತ್ರ ಎಂದು ಕಾಣುತ್ತದೆ. ನನ್ನ ಯುದ್ಧತಂತ್ರ ರೊಟ್ಟಿ ರೊಟ್ಟಿಯಾಗಿ ಕುಸಿಯುತ್ತಿದೆ.

ಡಿಸೆಂಬರ್ 20, ಭಾನುವಾರ

ಘೋರ ಆಘಾತ. ನನ್ನ ಲೆಕ್ಕವೇ ತಲೆಕೆಳಗು.

ಗಾಡಿ ಜೋರಾಗಿ ಹೊರಡುವಾಗ ಬಲಗಡೆಯ ಹಿಂದಿನ ಚಕ್ರ ನೆಲದ ಮೇಲಿನ ಹಿಡಿತ ಬಿಟ್ಟು ಸುಮ್ಮನೆ ಗಿರಗಿರ ಸುತ್ತುತ್ತದೆ. ರಸ್ತೆಯ ಮೇಲೆ ಕಪ್ಪು ಗೆರೆ ಬೀಳುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಇಂದು ಖಾಲಿ ಗಾಡಿಯಲ್ಲಿ ಹೊರಟು ಗೆರೆ ಅಳೆದೆ, ಹದಿನಾಲ್ಕು ಹೆಜ್ಜೆ. ಅಮ್ಮನನ್ನು ಎಡಗಡೆ ಕೂರಿಸಿದೆ, ಹದಿಮೂರು. ಬಲಗಡೆ ಕೂರಿಸಿದೆ.

ಎಂಟು!

ಅಂದರೆ ಬಲಗಡೆಯ ಚಕ್ರದ ಮೇಲೆ ಭಾರ ಬಿದ್ದಷ್ಟೂ ಅದು ನೆಲ ಕಚ್ಚುತ್ತದೆ. ಎರಡು ತಿಂಗಳಿಂದ ನಾನು ಅಮ್ಮನ ಹಗುರತನವನ್ನು ಕಾಪಾಡಲು ಹೆಣಗಿದ್ದು ಶುದ್ಧ ಮೂರ್ಖತನ. ಬೇಕಾಗಿದ್ದುದು ಭಾರ!

ತಕ್ಷಣ ಹೊಸ ನೀತಿ ಜಾರಿ. ಇಂದಿನ ತೂಕ ಮೂವತ್ತೊಂಬತ್ತು. ಮೂಡಿಗೆರೆಯಿಂದ ಜಿಲೇಬಿ ತಂದೆ. ಬೆಳಿಗ್ಗೆ ಹಾಲಿಗೆ ಬಾದಾಮಿ ಅರೆದು ಹಾಕುವಂತೆ ಆಜ್ಞೆ ಮಾಡಿದೆ. ಕಿತ್ತಳೆಯನ್ನು ನಾನೇ ಸುಲಿದು, ನಾರು ತೆಗೆದು, ಬೀಜ ಬಿಡಿಸಿ ಕೊಟ್ಟೆ. ಬೀಜ ಗಂಟಲಿಗೆ ಸಿಕ್ಕರೆ ತಿನ್ನುವ ವೇಗ ಕಡಿಮೆಯಾಗುತ್ತದೆ.

“ಇದೆಲ್ಲ ಯಾರಿಗೆ?” ರುದ್ರಾಣಿ ಕೇಳಿದಳು.

“ಚಕ್ರಕ್ಕೆ.”

“ಹೂಂ, ಚಕ್ರಕ್ಕೆ,” ಎಂದು ನಕ್ಕಳು. ಇದರಲ್ಲಿ ನಗುವಂಥದ್ದೇನಿದೆಯೋ ತಿಳಿಯಲಿಲ್ಲ.

ಜನವರಿ 6, 1999, ಬುಧವಾರ

ಹೊಸ ಡೈರಿ, ಅದೇ ಗೊಬ್ಬರ.

ನಲವತ್ತೂವರೆ! ಅಮ್ಮ ಈಗ ಬೆಳಿಗ್ಗೆ ತಾನೇ ಜಗಲಿಗೆ ಬಂದು, ‘ಯಾವಾಗ ಹೊರಡೋದು’ ಎಂಬಂತೆ ಗಾಡಿಯ ಶೆಡ್ಡಿನ ಕಡೆ ಮುಖ ಮಾಡಿ ಕೂರುತ್ತಾಳೆ. ಜೀಪಿನ ಪ್ಲೇಟನ್ನೇ ವಾಪಸು ಹಾಕಿಸಿದ್ದೇನೆ. ಆದರೂ ಹೊರಡುವಾಗ ಒಂದು ಕುಪ್ಪಳಿಕೆ ಉಳಿದಿದೆ. ಕೆಂಚಯ್ಯ, “ಇನ್ನೆರಡು ಹಾಕಣ ಬಿಡಿ,” ಎಂದ. “ಅಮ್ಮೋರ ಸೊಂಟ ನೋಡ್ಕಳಿ, ಅಷ್ಟೇ,” ಎಂದೂ ಹೇಳಿದ. ಗಂಗಾಧರಪ್ಪ ಹೊಸ ಟೈರು ಹಾಕಿಸಿದ್ದಾನೆಂಬ ಸುದ್ದಿ ಅದೇ ಹೊತ್ತಿಗೆ ಕಿವಿಗೆ ಬಿದ್ದಿತ್ತು. ಹಾಕು ಎಂದೆ.

ಜನವರಿ 9, ಶನಿವಾರ

ಕೊಟ್ಟಿಗೆಹಾರದ ರಸ್ತೆಗೆ ಅಡ್ಡಲಾಗಿ ಯಾರೋ ಕಾಲುವೆ ತೋಡಿ ಅರೆಬರೆ ಮುಚ್ಚಿದ್ದರು. ನೋಡಲಿಲ್ಲ. ವೇಗದಲ್ಲಿದ್ದೆ.

ಅಮ್ಮ “ಅಯ್ಯೋ” ಎಂದಳು. ಅಷ್ಟೇ. ಮನೆಯಲ್ಲಿ ಗಾಡಿಯಿಂದ ಇಳಿಯಲಾಗಲಿಲ್ಲ. ನಾನೂ ರುದ್ರಾಣಿಯೂ ಎತ್ತಿಕೊಂಡು ಹೋದೆವು. ನಲವತ್ತೂವರೆ ಕೆಜಿ ಎಂದರೆ ಏನೂ ಭಾರವಿಲ್ಲ.

ಜನವರಿ 10

ಡಾಕ್ಟರು ಬಂದು ಹೋದರು. ಮೂಳೆ ಮುರಿದಿಲ್ಲ. ಊಟ ಬೇಡ ಎಂದಳು.

ಜನವರಿ 11

ಗೋಡೆ ಕಡೆ ತಿರುಗಿದ್ದಾಳೆ. ರುದ್ರಾಣಿ ನನ್ನ ಜೊತೆ ಮಾತಾಡುತ್ತಿಲ್ಲ. ನಾನೂ ನನ್ನ ಜೊತೆ ಮಾತಾಡುತ್ತಿಲ್ಲ.

ಜನವರಿ 13, ಬುಧವಾರ

ಬೆಳಿಗ್ಗೆ ಜಾಕಿ ಏರಿಸಿ, ಗಾಡಿಯ ಅಡಿ ಮಲಗಿ, ಕೆಂಚಯ್ಯ ಸೇರಿಸಿದ್ದ ಪ್ಲೇಟುಗಳನ್ನೆಲ್ಲ ಕೈಯಾರೆ ಬಿಚ್ಚಿದೆ. ನಾಲ್ಕು ಬೆರಳು ಸುಲಿದವು. ಅದೇ ಕೈಯಲ್ಲಿ ಅಮ್ಮನ ಕೋಣೆಗೆ ಹೋದೆ. ಬಾಗಿಲಲ್ಲಿ ನಿಲ್ಲದೆ ಒಳಗೇ ಹೋಗಿ ಮಂಚದ ಮೇಲೆ ಅಪ್ಪ ಮಲಗುತ್ತಿದ್ದ ಕಡೆ ಕೂತೆ. ಕೂರಲು ಬೇರೆ ಜಾಗವಿರಲಿಲ್ಲ.

“ಅಮ್ಮ, ಬಿಚ್ಚಿ ಹಾಕಿದೆ. ಓಟ ಬೇಡ.”

ನಾನು ಎದ್ದು ಹೋಗಬೇಕೆನ್ನುವಷ್ಟರಲ್ಲಿ ಗೋಡೆಯ ಕಡೆಯಿಂದ:

“ಎಷ್ಟು ಬಿಚ್ಚಿದೆ?”

“ಎಲ್ಲ. ಹಳೇ ಐದೈದೇ ಇದೆ. ಕಟ್ಟಾಗಿದ್ದಕ್ಕೆ ಹೊಸದು.”

“ಎಲ್ಲ ಯಾಕೋ ಬಿಚ್ಚಿದೆ, ಮಾರಾಯ?” ನಿಧಾನಕ್ಕೆ ಈ ಕಡೆ ತಿರುಗಿದಳು. “ಪೂರ್ತಿ ಉದ್ದಕ್ಕೆ ಹಾಕಿದ್ದೇ ತಪ್ಪು ನಿಂದು. ಅರ್ಧಕ್ಕೆ ಹಾಕ್ಬೇಕು. ಆಕ್ಸಲಿಂದ ಮುಂದಿನರ್ಧ ಗಟ್ಟಿ. ಅಲ್ಲಿ ಪ್ಲೇಟೆಲ್ಲ ಸೇರಿಸಿ ಕ್ಲಿಪ್ಪು ಬಿಗಿ. ಹಿಂದಿನರ್ಧ ಸಡಿಲ ಬಿಡು. ಎಳೆಯೋದಕ್ಕೆ ಮುಂದಿನರ್ಧ, ಗುಂಡಿಗೆ ಬಾಗೋದಕ್ಕೆ ಹಿಂದಿನರ್ಧ.”

ನಾನು ಅಂಗೈಗಳನ್ನು ಪ್ಲೇಟಿನಂತೆ ಒಂದರ ಮೇಲೊಂದು ಇಟ್ಟು ನೋಡಿದೆ.

“ನನ್ನ ಅಪ್ಪನ ಬಸ್ಸು ಕಳಸದಿಂದ ಹೊರಟ್ರೆ ಟಾಪಿನ ಮೇಲೆ ಅಡಿಕೆ ಮೂಟೆ, ಒಳಗೆ ಬಸುರಿ ಹೆಂಗಸ್ರು. ಏರೂ ಹತ್ತಬೇಕು, ಬಸುರಿನೂ ಉಳೀಬೇಕು. ಅಪ್ಪ ಹಿಂಗೇ ಕಟ್ತಿದ್ದ. ಆಯುಧಪೂಜೆ ಹಿಂದಿನ ದಿನ ಪ್ಲೇಟೆಲ್ಲ ಬಿಚ್ಚಿ, ಉಜ್ಜಿ, ಗ್ರೀಸು ಹಚ್ಚೋದು ನನ್ನ ಕೆಲ್ಸ. ಮದುವೆ ಆಗೋವರ್ಗೂ.”

“ನಮ್ಮಪ್ಪನಿಗೆ ಗೊತ್ತಿತ್ತಾ ಇದು?”

“ನಿಮ್ಮಪ್ಪ ಕೇಳ್ಲಿಲ್ಲ. ನೀನು ಮಾತ್ರ ಕೇಳಿದ್ಯಾ?”

ಐವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದು ನನಗೆ ತಿಳಿದಿದ್ದ ಅಮ್ಮನ ವಿದ್ಯೆ ಎಂದರೆ ಉಪ್ಪಿನಕಾಯಿ ಒಂದೇ. ಇಂಥ ಆಘಾತ ಶತ್ರುವಿಗೂ ಬೇಡ.

ನಡುವೆ ರುದ್ರಾಣಿ ಗಂಜಿ ತಂದಳು. ಬಟ್ಟಲನ್ನು ನಾನೇ ಹಿಡಿದು ಕುಡಿಸಬೇಕಾಯಿತು. ಯಾಕೆಂದರೆ ಪ್ಲೇಟು ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ತೋರಿಸುವುದರಲ್ಲಿ ಅಮ್ಮನ ಎರಡು ಕೈಯೂ ತೊಡಗಿದ್ದವು.

ಜನವರಿ 19, ಮಂಗಳವಾರ

ಎದ್ದು ಓಡಾಡುತ್ತಿದ್ದಾಳೆ, ಊಟವೂ ಸೇರುತ್ತಿದೆ. ಆದರೆ ಮಲಗಿದ ನಾಲ್ಕು ದಿನದಲ್ಲಿ ಇಳಿದದ್ದು ಪೂರ್ತಿ ಏರಿಲ್ಲ. ಕೃಷ್ಣಯ್ಯ ಕಡ್ಡಿ ಸರಿಸಿ ಸರಿಸಿ ನೋಡಿ ಸಣ್ಣ ದನಿಯಲ್ಲಿ, “ನಲವತ್ತು,” ಎಂದ. ಎರಡು ಕೆಜಿ ಕಡಿಮೆ. ಬೆಳಗಾದರೆ ಡಾಕ್ಟರು.

ರುದ್ರಾಣಿ ಅಮ್ಮನ ಸೀರೆಗಳನ್ನು ಮಡಚಿ ಮಂಗಳೂರಿನ ಚೀಲಕ್ಕೆ ಹಾಕಿದ್ದಾಳೆ. ಮೂರು ಸೀರೆ. ಚೀಲವನ್ನು ಬಾಗಿಲ ಹಿಂದೆ ಇಟ್ಟಿದ್ದಾಳೆ, ಅಮ್ಮನಿಗೆ ಕಾಣದಂತೆ. ನನಗೆ ಮಾತ್ರ ಮನೆಯ ಯಾವ ಮೂಲೆಗೆ ಹೋದರೂ ಕಾಣುತ್ತಿದೆ.

ಜನವರಿ 20, ಬುಧವಾರ

ಬೆಳಿಗ್ಗೆ ಪ್ಲಿಮತ್ತಿನಲ್ಲೇ ಹೊರಟೆವು.

ಡಾಕ್ಟರು ಅಮ್ಮನನ್ನು ತಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

“ನಲವತ್ತೆರಡು,” ಎಂದರು. “ಮುಟ್ಟಿದ್ದಾರೆ. ಮಂಗಳೂರು ಬೇಡ.”

ಅಮ್ಮ ಇಳಿದದ್ದೇ ತಡ, ಕುರ್ಚಿ ಎಂದುಕೊಂಡು ತೂಕದ ಯಂತ್ರದ ಮೇಲೇ ಕೂತೆ. ಅದು ಎಂಬತ್ತಮೂರು ತೋರಿಸಿತು. “ನೀವು ಸ್ವಲ್ಪ ಕಡಿಮೆ ಮಾಡ್ಕೋಬೇಕು,” ಎಂದರು ಡಾಕ್ಟರು.

ಒಂದೇ ರಾತ್ರಿಯಲ್ಲಿ ಎರಡು ಕೆಜಿ ಎಲ್ಲಿಂದ ಬಂತು? ಮನೆಗೆ ಬಂದು ಕೃಷ್ಣಯ್ಯನನ್ನು ಹಿಡಿದೆ. ಅವನು ತೂಗಿದ್ದನ್ನು ಒಂದಂಕಿಯೂ ಬಿಡದೆ ಒಪ್ಪಿಸಿದ. ತಕ್ಕಡಿ ತೋರಿಸಿದ್ದು ನಲವತ್ತಾರು. ಕುರ್ಚಿಗೆ ನಾಲ್ಕು ಕಳೆದ. ಮತ್ತೆ ಎರಡು ಕಳೆದ.

“ಆ ಎರಡು ಯಾಕೆ ಕೃಷ್ಣಯ್ಯ?”

“ಬುಟ್ಟಿಗೆ, ಸಾರ್.”

“ಯಾವ ಬುಟ್ಟಿ?”

ಕೃಷ್ಣಯ್ಯ ಯೋಚಿಸಿದ. ಅವನ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. “ಹಣ್ಣು ತೂಗೋವಾಗ ಕಳೀತೀವಲ್ಲ ಸಾರ್… ಇಪ್ಪತ್ತೆರಡು ವರ್ಷದ ಅಭ್ಯಾಸ… ಕೈ ತಾನಾಗೇ ಕಳೀತು.”

ಅಂದರೆ ಅಕ್ಟೋಬರಿನಿಂದ ಅಮ್ಮನನ್ನು ವಾರ ವಾರವೂ ಕಾಫಿ ಹಣ್ಣಿನಂತೆ ತೂಗಿ, ಇಲ್ಲದ ಬುಟ್ಟಿಯನ್ನು ಕಳೆಯುತ್ತ ಬಂದಿದ್ದೇವೆ. ನಾನು ಕೂಗಾಡಲು ಬಾಯಿ ತೆರೆದೆ. ಅಮ್ಮ ಮೊದಲೇ ಮಾತಾಡಿದಳು.

“ಅಲ್ಲ ಕೃಷ್ಣಯ್ಯ, ಗೋಣಿಚೀಲದಲ್ಲಿ ತರೋ ಹೆಣ್ಣಾಳುಗಳಿಗೂ ಬುಟ್ಟಿ ಕಳೀತೀಯಾ?”

ಕೃಷ್ಣಯ್ಯ ತನ್ನ ಚಪ್ಪಲಿ ನೋಡಿಕೊಂಡ. ನಾನೂ ನನ್ನದನ್ನು ನೋಡಿಕೊಂಡೆ. ನಾಳೆಯಿಂದ ಬುಟ್ಟಿ ಕಣ್ಣಿಗೆ ಕಂಡರೆ ಮಾತ್ರ ಕಳೆಯಬೇಕೆಂದು ಅಮ್ಮನ ಆಜ್ಞೆಯಾಗಿದೆ.

ಚೀಲದಿಂದ ಸೀರೆಗಳನ್ನು ರುದ್ರಾಣಿ ಹೊರತೆಗೆದಳೋ ನಾನು ತೆಗೆದೆನೋ ನೆನಪಿಲ್ಲ. ಒಂದನ್ನು ನಾನು ಮಡಚುತ್ತಿದ್ದುದು ನೆನಪಿದೆ.

ಜನವರಿ 27, ಬುಧವಾರ

ಓಟ ಬೇಡವೆಂದು ನಾನು ಹೇಳಿದ್ದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಮ್ಮ ಖುದ್ದು ಕೆಂಚಯ್ಯನ ಕುಲುಮೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೆಂಚಯ್ಯ ಕೈಮುಗಿದು, “ಅಮ್ಮೋರೇ, ಇನ್ನೊಂದ್ ಪ್ಲೇಟ್ ಹಾಕಿದ್ರೆ…” ಎಂದು ಶುರುಮಾಡಿದ.

“ಹಾಕು. ಅರ್ಧ ಕತ್ತರಿಸಿ ಹಾಕು. ಎಡಕ್ಕೊಂದು, ಬಲಕ್ಕೆ ಎರಡು. ಬಲಗಡೆ ಚಕ್ರ ಬಿಡ್ತಿದೆ. ನಾನೊಬ್ಳೇ ಎಷ್ಟೂಂತ ಒತ್ತಿ ಹಿಡೀಲಿ?”

ಕೆಂಚಯ್ಯ ಪ್ಲೇಟು ಕತ್ತರಿಸುವಾಗ ಮಗುವಿನ ಕಿವಿ ಚುಚ್ಚುವವನಂತೆ ಮುಖ ತಿರುಗಿಸಿಕೊಂಡಿದ್ದ. ಮುಂದಿನರ್ಧಕ್ಕೆ ಕ್ಲಿಪ್ಪು ಬಿಗಿದ, ಹಿಂದಿನರ್ಧ ಸಡಿಲ ಬಿಟ್ಟ. ಬೆರಳಲ್ಲಿ ಗ್ರೀಸು ತೆಗೆದು ಪ್ಲೇಟಿನ ಸಂದಿಗೆ ಹಚ್ಚಿದ್ದು ಅಮ್ಮ. ಸೀರೆಗೆ ಆದ ಕಲೆಯ ಬಗ್ಗೆ ರುದ್ರಾಣಿ ಚಕಾರ ಎತ್ತಲಿಲ್ಲ.

ಕಾಲೊತ್ತಿದೆ. ಕುಪ್ಪಳಿಕೆ ಇಲ್ಲ! ಗೆರೆ ಮೂರೇ ಹೆಜ್ಜೆ! ಹಿಂತಿರುಗುವಾಗ ಕೊಟ್ಟಿಗೆಹಾರದ ಆ ಕಾಲುವೆ ಬಂತು. ಎತ್ತಿನ ಗಾಡಿಗಿಂತ ನಿಧಾನಕ್ಕೆ ದಾಟಿಸಿದೆ. “ಇಷ್ಟು ಮೆಲ್ಲಗೆ ಹೋದ್ರೆ ಪ್ಲೇಟು ಹೆಂಗಿದೆ ಅಂತ ಗೊತ್ತಾಗೋದು ಹೆಂಗೋ?” ಎಂದಳು. ತಿರುಗಿಸಿಕೊಂಡು ಬಂದು ಎರಡನೇ ಸಲ ದಾಟಿಸಬೇಕಾಯಿತು. “ಹೂಂ,” ಎಂದಳು. ಆ ಒಂದು ಹೂಂಗಾಗಿ ಮೂರು ತಿಂಗಳು!

ಜನವರಿ 31, ಭಾನುವಾರ

ಜನವೋ ಜನ. ಓಟ ನಡೆದ ಎಸ್ಟೇಟಿನ ಒಳರಸ್ತೆ, ನಮ್ಮ ಸೀಮೆಯಲ್ಲಿ ಕಾಲು ಮೈಲಿ ನೇರವಾಗಿರುವ ಏಕಮಾತ್ರ ವಸ್ತು. ಅಮ್ಮ ಹಸಿರು ರೇಷ್ಮೆ ಸೀರೆಯುಟ್ಟು ಬಲಗಡೆ ಕೂತಿದ್ದಳು. ಅಪ್ಪ ಹೋದ ಮೇಲೆ ಆ ಪೆಟ್ಟಿಗೆ ತೆಗೆದದ್ದು ಇದೇ ಮೊದಲು. ಪಕ್ಕದ ಷೆವರ್ಲೆಯ ಕಿಟಕಿಯಲ್ಲಿ ರುಕ್ಮಿಣಮ್ಮ.

“ಬಂದ್ಬಿಟ್ರಾ ಬೀಗಿತ್ತಿ! ಸೊಂಟ ಹೆಂಗಿದೆ?”

“ನನ್ನ ಸೊಂಟ ಹಾಗಿರ್ಲಿ. ನಿಮ್ಮ ಗಾಡಿ ಆ ಕಡೆ ವಾಲಿದೆಯಲ್ಲ, ಪ್ಲೇಟು ಹೋಯ್ತಾ, ಇಲ್ಲ ನೀವು ಕೂತಿದ್ದಕ್ಕೋ?”

ನೆರೆದವರು ಕೇಕೆ ಹಾಕಿದರು. ಗಂಗಾಧರಪ್ಪನ ಮುಖ ಕೆಂಪಾಯಿತು. ಬಾವುಟ ಬಿತ್ತು.

ಪ್ಲಿಮತ್ತು ಒಂದಿಷ್ಟೂ ಕುಪ್ಪಳಿಸಲಿಲ್ಲ, ತಿರುಚಲಿಲ್ಲ. ನೆಲ ಕಚ್ಚಿ ಹೊರಟಿತು. ಷೆವರ್ಲೆ ಇನ್ನೂ ಹೊಗೆಯ ನಡುವೆ ಗಿರಗಿರ ಸುತ್ತುತ್ತಿತ್ತು. “ಒತ್ತೋ! ಒತ್ತೋ ಚಂದ್ರು!” ಎಂಬ ಕೂಗು ಬೆನ್ನ ಹಿಂದಿನಿಂದ. ಕನ್ನಡಿಯಲ್ಲಿ ನೋಡಿದೆ. ಅಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗು ಹಾರಿಸಿಕೊಂಡು, ಇಷ್ಟಗಲ ಬಾಯಿ ತೆರೆದು ನಗುತ್ತಿದ್ದಳು. ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲ. ಯಾವಾಗ ಬಿದ್ದವೋ ಗೊತ್ತಿಲ್ಲ. ಕಣ್ಣ ಸುತ್ತ ನನಗೆ ಪರಿಚಯವಿಲ್ಲದಷ್ಟು ಗೆರೆಗಳು. ಇಷ್ಟು ದಿನ ಕನ್ನಡಿಯನ್ನು ಹಿಂದಿನ ರಸ್ತೆಗೆ ಹೊಂದಿಸಿಟ್ಟಿದ್ದೆನಲ್ಲ, ಎಂಥ ದಡ್ಡತನ! ಸ್ವಲ್ಪ ಕೆಳಗೆ ತಿರುಗಿಸಿದರೆ ಇಡೀ ಮುಖ ಕಾಣುತ್ತದೆ.

ಸಂಜೆ ಎಲ್ಲರೂ ನಮ್ಮ ಮನೆಗೇ ಬಂದರು. ಅಮ್ಮನೂ ರುಕ್ಮಿಣಮ್ಮನೂ ಎದುರುಬದುರು ಕೂತು ರೊಟ್ಟಿ ತಿಂದರು. ಮೂರಕ್ಕೆ ಆರು. ಈಗ ಮಲಗಬೇಕು.

ಬರೆಯಲು ಮರೆತೆ, ಓಟದಲ್ಲಿ ಸೋತೆವು. ಕೊನೆಯ ಗೆರೆ ಮುಟ್ಟುವ ಹತ್ತಿರದಲ್ಲಿ ಷೆವರ್ಲೆ ಒಂದು ಬಾನೆಟ್ಟಿನಷ್ಟು ಮುಂದೆ ಹೋಯಿತು. “ಮುಂದೆ ನೋಡಿ ಓಡ್ಸೋದು ಬಿಟ್ಟು ಹಿಂದೆ ಏನು ನೋಡ್ತಿದ್ದೆ ಮಾರಾಯ?” ಎಂದು ಅಮ್ಮ ದಾರಿಯುದ್ದಕ್ಕೂ ಬೈದಳು.

ಫೆಬ್ರವರಿ 4, ಗುರುವಾರ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮ ಹೇಳಿದಳು: “ಮುಂದಿನ ವರ್ಷಕ್ಕೆ ಹೊಸಾ ಸೆಟ್ಟೇ ಮಾಡಿಸ್ಬೇಕು. ಹಳೇದಕ್ಕೆ ತೇಪೆ ಹಾಕಿದ್ದು ಸಾಕು. ಈಗ್ಲೇ ಹೇಳಿಡು. ಅವನು ನಿಧಾನ, ಆಮೇಲೆ ಜನವರಿಗೆ ನಾನು ಕಾಯ್ತಾ ಕೂರ್ಬೇಕು.”

ರುದ್ರಾಣಿ ಏನೋ ನೆಪ ಹೇಳಿ ಒಳಗೆ ಹೋದಳು. ನಾನು ಲೋಟದ ತಳದಲ್ಲಿ ಕಾಫಿ ಇದೆಯೇ ಎಂದು ಬಹಳ ಹೊತ್ತು ನೋಡಿದೆ.

ಮಧ್ಯಾಹ್ನ ಕೆಂಚಯ್ಯನ ಬಳಿ ಹೋದೆ. ಅವನು ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡ. ಪ್ಲೇಟು ಇಷ್ಟು, ಕಮಾನು ಇಷ್ಟು, ಮುಂದಿನರ್ಧಕ್ಕೆ ಇಷ್ಟು.

“ಹಿಂದಿನ ಸೀಟಲ್ಲಿ ಭಾರ ಎಷ್ಟಂತ ಹಾಕ್ಲಿ ಸಾವ್ಕಾರ್ರೆ? ನಲವತ್ತೆರಡಾ?”

“ಅರವತ್ತು ಹಾಕು.”

ಕೆಂಚಯ್ಯ ಸೀಮೆಸುಣ್ಣ ಎತ್ತಿ ನನ್ನನ್ನೇ ನೋಡಿದ. “ಅಮ್ಮೋರು ಅಷ್ಟಿಲ್ವಲ್ಲ?”

“ಆಗ್ತಾರೆ. ನೀನು ಬರಿ.”